ಎರಡೂವರೆ ಕಿಲೋ ಸೀಸ

ಪೋರ್ಟ್ ಪಿರಿಯಲ್ಲಿ ನನ್ನ ಕೆಲಸ
ಮಕ್ಕಳ ಬೆರಳು ಚುಚ್ಚುವುದು.
ಒಂದು ಹನಿ ರಕ್ತಕ್ಕೆ ಒಂದು ಸ್ಟಿಕ್ಕರು,
ಅಳದಿದ್ದರೆ ಎರಡು.
ಹನಿಯಲ್ಲಿ ಸೀಸ ಎಷ್ಟೆಂದು ಯಂತ್ರ ಹೇಳುತ್ತದೆ,
ಅದನ್ನೇ ಮೆತ್ತಗೆ ಮಾಡಿ ತಾಯಂದಿರಿಗೆ ನಾನು:
ಕಿಟಕಿಕಟ್ಟೆ ಒದ್ದೆ ಬಟ್ಟೆಯಲ್ಲಿ ಒರೆಸಿ,
ಉಗುರು ಕತ್ತರಿಸಿ, ಹಾಲು ಕುಡಿಸಿ,
ಅಂಗಳದ ಮಣ್ಣು ಬಾಯಿಗೆ ಹೋಗದಂತೆ ನೋಡಿ.
ಊರ ತುದಿಯಲ್ಲಿ ಕುಲುಮೆಯ ಚಿಮಣಿ
ಕೇಳಿಸದವರ ಹಾಗೆ ನಿಂತಿರುತ್ತದೆ.

ನೀನೋ ಎಂಬ ಹುಡುಗನ ಬೆರಳನ್ನು
ಅವನ ಒಂಬತ್ತನೇ ತಿಂಗಳಿಂದ ಬಲ್ಲೆ.
ಅಪ್ಪ ವೀಟೊ ಕುಲುಮೆಯವನು,
ಪಾಳಿ ಮುಗಿಸಿ ಬೂಟು ಬೀದಿಯಲ್ಲೇ ಬಿಟ್ಟು
ತಲೆಗೆ ನೀರು ಹಾಕಿಕೊಳ್ಳದೆ
ಮಗನನ್ನು ಒಮ್ಮೆಯೂ ಎತ್ತಿಕೊಂಡವನಲ್ಲ.
ಹನ್ನೊಂದು, ಎಂಟು, ಎಂಟು, ಆರು, ಮೂರು.
ಅಂಕಿ ಮೂರಕ್ಕೆ ಇಳಿದ ದಿನ
ಅವನಮ್ಮ ಮಾಡಿದ ಬಾದಾಮಿ ಬಿಸ್ಕತ್ತು
ಡಬ್ಬಿ ಸಮೇತ ನನ್ನ ಮೇಜಿನ ಮೇಲಿತ್ತು.

ಈಗ ಹುಡುಗನಿಗೆ ಒಂಬತ್ತು ವರ್ಷ.
ಭಾನುವಾರ ನಾನು ಊರಾಚೆ, ಉಪ್ಪುಗಿಡಗಳ ಬಯಲಲ್ಲಿ,
ಗೋ-ಕಾರ್ಟ್ ಟ್ರ್ಯಾಕಿನ ಪಕ್ಕದ ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ.
ರೇಸಿಗೆ ಮುಂಚೆ ತೂಕ.
ಗಾಡಿ, ಹೆಲ್ಮೆಟ್ಟು, ಹುಡುಗ ಎಲ್ಲ ಸೇರಿ
ಇಷ್ಟು ಇರಲೇಬೇಕು ಎಂದು ನಿಯಮ.
ನೀನೋ ಕಡ್ಡಿಪೈಲ್ವಾನ್. ಸಾಲುವುದಿಲ್ಲ.
ವೀಟೊ ಕೈಗವಸು ತೊಟ್ಟು, ಅದನ್ನು ಅವನು ಮರೆಯುವುದಿಲ್ಲ,
ಸೀಟಿನ ಬೆನ್ನಿಗೆ ಸೀಸದ ಬಿಲ್ಲೆ ಕೂರಿಸಿ
ಎರಡು ಬೋಲ್ಟು ಬಿಗಿಯುತ್ತಾನೆ.
ಎರಡೂವರೆ ಕಿಲೋ.
ಹೆರಿಗೆ ವಾರ್ಡಿನಲ್ಲಿದ್ದಾಗ
ಅಷ್ಟು ತೂಗಿದರೆ ನಿಟ್ಟುಸಿರು ಬಿಡುತ್ತಿದ್ದೆವು.

ನನಗೆ ಟೈಫಾಯ್ಡ್ ವಾಸಿಯಾದಾಗ ಅಮ್ಮ
ಬೆಲ್ಲದಲ್ಲಿ ತುಲಾಭಾರ ಮಾಡಿಸಿದ್ದಳು.
ಎರಡಚ್ಚು ಕಡಿಮೆ ಬಿದ್ದು
ಹಿಂದೆ ನಿಂತವರ ಹತ್ತಿರ ಕಡ ಕೇಳಿದಳು.
ನಾನು ತಟ್ಟೆಯಲ್ಲಿ ಕೂತು ಕಾಲು ಕುಣಿಸುತ್ತಿದ್ದೆ.
ಬೆಲ್ಲ ದೇವರ ಹತ್ತಿರ ಉಳಿಯಿತು, ನಾನು ಮನೆಗೆ ಬಂದೆ.
ಅಷ್ಟೇ ಲೆಕ್ಕ.

"ಅಪಾಯವನ್ನು ಅರಿತಿದ್ದೇನೆ" ಎಂಬ ಕಾಗದಕ್ಕೆ
ಬಾನೆಟ್ಟಿನ ಮೇಲಿಟ್ಟು ಸಹಿ. ಯಾರೂ ಓದುವುದಿಲ್ಲ.
ವರ್ಷದ ಓವರ್‌ಟೈಮೆಲ್ಲ ಈ ಪುಟ್ಟ ಎಂಜಿನ್ನು.
"ಇವನು ಆ ಚಿಮಣಿ ಕೆಳಗೆ ದುಡಿಯಬಾರದು ಸಿಸ್ಟರ್,
ಹೊರಗೆ ಹೋಗೋಕೆ ಒಂದು ದಾರಿ ಬೇಡವಾ?"
ದಾರಿಯೇನೋ ಇದೆ. ಒಂಬೈನೂರು ಮೀಟರು,
ಸುತ್ತಿ ಹೊರಟಲ್ಲಿಗೇ ಬರುತ್ತದೆ.

ನಾಲ್ಕನೇ ಸುತ್ತು, ಮೂರನೇ ತಿರುವು.
ಹಿಂದಿನ ಗಾಡಿಯ ಗಾಲಿ ಮುಂದಿನದರ ಗಾಲಿ ಹತ್ತಿತು.
ದೊಡ್ಡ ಸದ್ದೇನಲ್ಲ, ಬಚ್ಚಲಲ್ಲಿ ಚೊಂಬು ಜಾರಿದಷ್ಟು.
ಎರಡೂ ಮಗುಚಿದವು.
ಓಡಿದೆ. ಧೂಳು. ಎರಡು ಹೆಲ್ಮೆಟ್ಟು,
ಎರಡೂ ನೀಲಿ, ಎರಡೂ ಅಲುಗುತ್ತಿಲ್ಲ.
"ನೀನೋ? ನೀನೋ?"
ಹೆಸರು ಕರೆದೆನೋ,
ನನ್ನ ಭಾಷೆಯಲ್ಲಿ ಕೇಳಿದೆನೋ.

ಹುಡುಗಿ ಮೊದಲು ಎದ್ದು ಕೂತು ಬೈದಳು. ಬದುಕಿದೆ.
"ಇವತ್ತು ಯಾವ ವಾರ ನೀನೋ?"
"ಭಾನುವಾರ."
"ಏನಾಗ್ತಿತ್ತು?"
"ನಲವತ್ತೊಂಬತ್ತು ಪಾಯಿಂಟ್ ಎರಡು. ಹೋದ ವಾರಕ್ಕಿಂತ ನಿಧಾನ."
ಕುತ್ತಿಗೆ ಸರಿ. ಕಣ್ಣಪಾಪೆ ಸರಿ.
ಮಣಿಕಟ್ಟು ಒತ್ತಿದೆ. ಇಲ್ಲಿ? ಇಲ್ಲ.
ಇಲ್ಲಿ? ಇಲ್ಲ.
ಟೈರುಗಳ ಗೋಡೆ ಹಾರಿ ಬರುತ್ತಿದ್ದ ಅಪ್ಪನನ್ನು ಕಂಡು
ಹೆಲ್ಮೆಟ್ಟಿನೊಳಗಿಂದ ಪಿಸುಗುಟ್ಟಿದ:
"ಮುರಿದಿದೆ ಅಂತೀರಾ?"

ಇಪ್ಪತ್ತೆರಡು ವರ್ಷದಲ್ಲಿ
ಒಬ್ಬ ತಾಯಿಗೂ ಒಂದಂಕಿ ಕಡಿಮೆ ಹೇಳಿದವಳಲ್ಲ ನಾನು.
"ಬಿರುಕಿರಬಹುದು" ಎಂದೆ. "ಎಳೆ ಮೂಳೆ,
ಎಕ್ಸ್‌ರೇಗೂ ಒಮ್ಮೊಮ್ಮೆ ಸಿಗುವುದಿಲ್ಲ.
ಆರು ವಾರ ಗಾಡಿ ಬೇಡ."
ಏಳನೇ ವಾರಕ್ಕೆ ನನ್ನ ಹತ್ತಿರ ಏನೂ ಇಲ್ಲ.

ವೀಟೊ ಮಾತಾಡಲಿಲ್ಲ.
ಮಗುಚಿದ ಗಾಡಿಯ ಪಕ್ಕ ಮಂಡಿಯೂರಿದ.
ಒಂದು ಬೋಲ್ಟು ಆಗಲೇ ಹಾರಿತ್ತು.
ಇನ್ನೊಂದನ್ನು ಬರಿಗೈಯಲ್ಲೇ ತಿರುಗಿಸಿ
ಬಿಲ್ಲೆ ಬಿಚ್ಚಿ ನನ್ನ ಕೈಗಿತ್ತ,
ಒಂಚೂರು ಹಿಡಕೊಳ್ಳಿ ಎಂದು.

ತಣ್ಣಗಿರುತ್ತದೆ ಅಂದುಕೊಂಡಿದ್ದೆ.
ಎಂಜಿನ್ನಿನದೋ, ಬಿಸಿಲಿನದೋ,
ಹುಡುಗನ ಬೆನ್ನಿನದೋ,
ಮೈ ಕಾದಂತೆ ಬೆಚ್ಚಗಿತ್ತು.