ಚೀನಿ ಎಂಬ ಖಾನೆಗಳು

ತೀನ್ ಕಂದೀಲಿನಿಂದ ನಾಲ್ಕು ಹೆಜ್ಜೆ ಒಳಗೆ
ಲಾಲ್‌ಸಾಬ ಅತ್ತಾರರ ಅಂಗಡಿ.
ನೂರಾ ಹನ್ನೆರಡು ಖಾನೆ.
ಹುಡುಗನಿದ್ದಾಗಲೇ ಅವನ್ನೆಲ್ಲ ಮೂಗಿನಿಂದ ಓದುತ್ತಿದ್ದೆ:
ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದೇ ಎಳೆದು
"ಮಲದಕಲ್ಲ, ಇದ್ ಯಾವ್ದಲೇ?" ಎನ್ನುವರು.
ಅಜವಾನ. ಅಳಲೆಕಾಯಿ. ಹಿಪ್ಪಲಿ.
ಜೇಷ್ಠಮಧುವಿಗೆ ಒದ್ದೆ ಕಟ್ಟಿಗೆಯ ವಾಸನೆ.
ತಪ್ಪಿದರೆ ತಲೆಗೊಂದು ಮೊಟಕು, ಸರಿಯಾದರೆ ಕಲ್ಲುಸಕ್ಕರೆ.

ಮುಂದೆ ಎಷ್ಟೋ ವರ್ಷಕ್ಕೆ, ಮೇ ತಿಂಗಳ ಒಂದು ಮಧ್ಯಾಹ್ನ,
ಕಾಗೆಯೂ ಬಾಯಿ ತೆರೆದು ಕೂತ ಬಿಸಿಲಲ್ಲಿ,
ಯರಮರಸಿನ ಕರೆಂಟು ಫ್ಯಾಕ್ಟರಿಗೆ
ಯಂತ್ರ ಕೂಡಿಸಲು ಬಂದವನೊಬ್ಬ
ಹೆಲ್ಮೆಟ್ಟು ಕಂಕುಳಲ್ಲಿಟ್ಟು ಮೆಟ್ಟಿಲು ಹತ್ತಿದ.
ಹೊಟ್ಟೆ ಮುಟ್ಟಿಕೊಂಡ. ಮುಖ ಹಿಂಡಿದ.
ರಾಯಚೂರಿನ ನೀರಿನ ಬಗ್ಗೆ ದುಭಾಷಿ ಬೇಕಿರಲಿಲ್ಲ.
ಹೆಸರು ಗುವೊ ಅಂದ. ಲಾಲ್‌ಸಾಬರ ಬಾಯಲ್ಲಿ
ಎಲೆಯಡಿಕೆಯ ಸಂಗಡ ಎರಡು ಸಲ ಹೊರಳಿ
ಅದು ಗೌಸ್‌ಭಾಯ್ ಆಯಿತು.

ದಾಳಿಂಬೆ ಸಿಪ್ಪೆ, ಒಣಶುಂಠಿ ಕಟ್ಟುವಾಗ ಅವನು ತಡೆದ.
ಶುಂಠಿ ಮೂಸಿ ಕಣ್ಣು ಮುಚ್ಚಿದ,
ತನ್ನ ಮನೆಯ ಅಡುಗೆಕೋಣೆಯಲ್ಲಿ ನಿಂತವನಂತೆ.
ಆಮೇಲೆ ತಾನೇ ಖಾನೆ ಎಳೆಯತೊಡಗಿದ.
ದಾಲ್ಚಿನ್ನಿ. ಚೋಪಚೀನಿ. ರೇವಲ್‌ಚೀನಿ.
ಲಾಲ್‌ಸಾಬರು ಹೆಸರು ಹೇಳುತ್ತ ಹೋದಂತೆ
ಪ್ರತಿ ಹೆಸರಿನ ಬಾಲದಲ್ಲೂ ತನ್ನ ದೇಶ ಕೇಳಿಸಿ
ಎದೆ ತಟ್ಟಿಕೊಂಡ: ಚೀನೀ! ಚೀನೀ!
(ಕಬಾಬ್‌ಚೀನಿಗೆ ಮಾತ್ರ ಅಲ್ಲವೆಂದು ತಲೆಯಾಡಿಸಿದ.)
"ಹೌದಪಾ," ಅಂದರು ಮುದುಕರು,
"ನಿಮ್ಮೂರ ಮಾಲು ನಿನಗಿಂತ ಮೊದಲ ಬಂದು
ನಮ್ಮ ಖಾನಿಯಾಗ ಮಕ್ಕೊಂಡದ."

ವಾರಕ್ಕೊಮ್ಮೆ ಬಂದ.
ಇಬ್ಬರ ನಡುವೆ ಚಹಾ, ತಕ್ಕಡಿ, ನಾಲಿಗೆ.
ನಾಲಿಗೆ ಎಂದರೆ ಮಾತಲ್ಲ, ನಿಜವಾದ ನಾಲಿಗೆ:
ಅವನು ಚಾಚಿದರೆ ಇವರು ನೋಡುವರು,
ಇವರು ಚಾಚಿದರೆ ಅವನು.
ನಲವತ್ತರವನೂ ಎಪ್ಪತ್ತರವರೂ ಅಣಕಿಸಿಕೊಳ್ಳುವುದ ನೋಡಲು
ಸೈಕಲ್ಲುಗಳು ನಿಲ್ಲುತ್ತಿದ್ದವು.
ನೆಗಡಿಗೆ ಇವರದು ಮೆಣಸಿನ ಕಷಾಯ,
ಅವನದು ಉಳ್ಳಾಗಡ್ಡಿ ತಪ್ಪಲದ ಬಿಳಿ ಬುಡ ಕುದಿಸಿದ ನೀರು.
ತಲೆನೋವೆಂದು ನಾನು ಹಣೆ ಹಿಡಿದು ಕೂತಾಗ
ಹೆಬ್ಬೆರಳು ತೋರುಬೆರಳ ನಡುವಿನ ಮಾಂಸ ಹಿಸುಕಿ
ಈಗೆಲ್ಲಿದೆ ಎಂದು ಹುಬ್ಬಲ್ಲೇ ಕೇಳಿದ.
ನಿಜ, ತಲೆಯಲ್ಲಿರಲಿಲ್ಲ. ಕೈಗೆ ಬಂದಿತ್ತು.

ಒಂದು ಸಂಜೆ ನಾಡಿ.
ಲಾಲ್‌ಸಾಬರು ಅವನದು ಹಿಡಿದರು, ಮೂರು ಬೆರಳು.
ಅವನು ಇವರದು ಹಿಡಿದ, ಮೂರೇ ಬೆರಳು.
ಇವರು ಬೇಗ ಬಿಟ್ಟರು: "ಗಟ್ಟಿ ಇದ್ದಾನ. ಮನಿ ನೆನಪು, ಅಷ್ಟ."
ಅವನು ಬಿಡಲಿಲ್ಲ.
ಚಹಾ ಆರಿತು.
ಗಿರಾಕಿಯೊಬ್ಬ ಇಸಬಗೋಲು ಕೇಳಿ ಕೇಳಿ ಹೋದ.
ಕೊನೆಗೆದ್ದು ಅವನು ಯಾವ ಖಾನೆಯನ್ನೂ ಎಳೆಯಲಿಲ್ಲ;
ಲಾಲ್‌ಸಾಬರ ಚಪ್ಪಲಿ ಜೋಡಿಸಿ ಮುಂದಿಟ್ಟು
ಓಪೆಕ್ ಆಸ್ಪತ್ರೆಯ ದಿಕ್ಕಿಗೆ ಕೈ ತೋರಿದ.

ಊರಿಗೆಲ್ಲ ಪುಡಿ ಕಟ್ಟಿದವರು
ಆರು ತಿಂಗಳಿಂದ ತಮ್ಮ ಎಡಭುಜಕ್ಕೆ
ಗುಟ್ಟಾಗಿ ಸಾಸಿವೆ ಎಣ್ಣೆ ತಿಕ್ಕುತ್ತಿದ್ದರಂತೆ.
ಡಾಕ್ಟರು ಸ್ಟೆಂಟು ಹಾಕಿದರು.
ನಾಡಿಯಲ್ಲಿ ಕಂಡಿತೋ, ತುಟಿಯ ಬಣ್ಣದಲ್ಲೋ,
ಮೆಟ್ಟಿಲ ಮೇಲೆ ಅವರು ಉಸಿರಿಗೆ ನಿಲ್ಲುವುದನ್ನು
ಅವನೊಬ್ಬನೇ ನೋಡಿದ್ದನೋ,
ಕೇಳಲು ಭಾಷೆ ಇರಲಿಲ್ಲ.

ಯಂತ್ರ ತಿರುಗಿತು. ಅವನು ಹೋದ.
ಲಾಲ್‌ಸಾಬರು ಇನ್ನೊಂದಿಷ್ಟು ಬೇಸಿಗೆ ಬಾಳಿದರು,
ಜೇಬಿನಲ್ಲಿ ಅಂಗ್ರೇಜಿ ಗುಳಿಗೆ.
ಚುಡಾಯಿಸಿದವರಿಗೆ "ಇದೂ ಒಂದ್ ಖಾನೀನ ಅಲ್ಲೇನಪಾ" ಅನ್ನುತ್ತಿದ್ದರು.

ಈಗ ಗಲ್ಲಾದ ಹಿಂದೆ ನಾನು.
ತಲೆನೋವೆಂದು ಬಂದವರ ಕೈ ಹಿಸುಕುತ್ತೇನೆ.
ಯಾರು ಕಲಿಸಿದ್ದೆಂದರೆ ಗೌಸ್‌ಭಾಯ್ ಅನ್ನುತ್ತೇನೆ;
ಯಾವುದೋ ದರ್ಗಾದ ಅಜ್ಜನೆಂದುಕೊಂಡು
ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ತಿದ್ದುವುದಿಲ್ಲ.

ಹೋಗುವ ಮುನ್ನ ಅವನು ಪೆನ್ಸಿಲ್ಲಿನಲ್ಲಿ
ಹದಿನಾಲ್ಕು ಖಾನೆಗಳ ಮೇಲೆ ತನ್ನ ಲಿಪಿಯಲ್ಲಿ ಹೆಸರು ಬರೆದಿದ್ದ.
ಹದಿಮೂರರಲ್ಲಿ ಮಾಲಿತ್ತು.
ಕೆಳಸಾಲಿನ ಮೂಲೆಯದು ಆಗಲೂ ಖಾಲಿ.
ಅಲ್ಲೇನು ಇರಬೇಕಿತ್ತೋ.
ಸುತಳಿ ಇಡುತ್ತೇನೆ, ಚಿಲ್ಲರೆ ಇಡುತ್ತೇನೆ,
ಕೆಲವೊಮ್ಮೆ ಕಣ್ಣು ಮುಚ್ಚಿ ಎಳೆದು ಮೂಸುತ್ತೇನೆ.
ಮರದ ವಾಸನೆ, ಅಷ್ಟೇ.