ಹಸಿರು ದನಿ

ಲಿಥುವೇನಿಯಾದ ಬಿರ್ಝಾಯ್, ಶಾಲೆಯ ಹಳೇ ಕಂಪ್ಯೂಟರು.
ರಿಮ್ಗೈಲೆ ಬರೆದಿಡುತ್ತಿದ್ದಾಳೆ
ಬಾರ್ಬೊರಾ, ಉರ್ಶುಲೆ ಹಾಡಿದ್ದನ್ನು.
ಓರಗಿತ್ತಿಯರು. ಅಗಸೆ ಕೀಳುತ್ತ ಕಲಿತದ್ದು.

ಐದೇ ಗೆರೆ, ಇಬ್ಬರಿಗೂ ಅವೇ.
ಬಾರ್ಬೊರಾಳ ಕಡ್ಡಿ ಮೇಲಕ್ಕೆ, ನೀಲಿ;
ಉರ್ಶುಲೆಯದು ಕೆಳಕ್ಕೆ, ಹಸಿರು.

ಮೊದಲು ದನಿ ಬದಲಿಸುವುದನ್ನೇ ಮರೆತಿದ್ದಳು:
ಇಬ್ಬರೂ ಒಂದೇ ಕಡ್ಡಿಗೆ ಜೋತುಬಿದ್ದು
ಒಂದೇ ಉಸಿರಿನವರ ಹಾಗೆ ಕಂಡರು.
ಬಾರ್ಬೊರಾ ಕನ್ನಡಕ ಏರಿಸಿ ನೋಡಿ
"ಇದು ನಾವಲ್ಲ" ಅಂದಿದ್ದಳು.

ಮಗ್ಗುಲ ಸ್ವರಕ್ಕೆ ಸ್ವರ ತಾಗಿದರೆ
ತಂತ್ರಾಂಶ ಒಂದನ್ನು ಆಚೆ ಸರಿಸುತ್ತದೆ,
ಬೆಂಚಿನ ಮೇಲೆ ಜಾಗ ಮಾಡಿದಂತೆ.
ಹಾಡಿನಲ್ಲಿ ಸರಿಯುವುದಿಲ್ಲ ಯಾರೂ.
ಉಜ್ಜಿಕೊಂಡೇ ನಡುಗುತ್ತವೆ ಎರಡೂ,
ಬಡಿದ ಗಂಟೆಯ ಅಂಚು.

ಹನ್ನೊಂದನೇ ಆವರ್ತ. ಉರ್ಶುಲೆ ಕೆಮ್ಮಿದ್ದಾಳೆ ಅಲ್ಲಿ.
ಹಸಿರು ದನಿ ಖಾಲಿ. ಯಾರೂ ಹೇಳದೆ
ಒಂದು ವಿರಾಮ ಬಂದು ಕೂತಿದೆ:
ಲೆಕ್ಕ ತುಂಬಬೇಕಲ್ಲ, ಹಾಡದವಳದೂ.
ಮರೆಮಾಡಬಹುದು. ಅದಕ್ಕೊಂದು ಗುಂಡಿ ಇದೆ.

ಬಾರ್ಬೊರಾ ಪರದೆಗೆ ಬೆರಳಿಟ್ಟಳು.
"ಇಲ್ಲೇನಾ ಅವಳು ನೀರು ಕೇಳಿದ್ದು?"
"ಹೂಂ."
"ಇರಲಿ ಬಿಡು, ಕಾಣಲಿ.
ನೋಡು, ಮೇಲೆ ನಾನು ಹಾಡುತ್ತಲೇ ಇದ್ದೀನಿ,
ತಿರುಗಿ ಕೂಡ ನೋಡದೆ."