ಕಿವಿಹಾಲೆ

ಗುರುವಾರ ಮಾತ್ರ ಡಾಕ್ಟರು ಬರುವುದು.
ಮೈಸೂರಿನ ಮೊದಲ ಬಸ್ಸು. ತಿತಿಮತಿ ಕಾಡಲ್ಲಿ
ಆನೆ ಅಡ್ಡ ನಿಂತರೆ ಹನ್ನೊಂದು, ಇಲ್ಲದಿದ್ದರೆ ಹತ್ತು.
ಗೋಣಿಕೊಪ್ಪದಲ್ಲಿ, ಕರಿಮೆಣಸು ತೂಗುವ ಅಂಗಡಿಯ ಮೇಲೆ
ನಮ್ಮ ಕ್ಲಿನಿಕ್ಕು. ಮೆಟ್ಟಿಲಲ್ಲೇ ಸೀನು ಬರುತ್ತದೆ.
ಚಂದವಾಗಲು ಬರುವವರೆಲ್ಲ
ಮೊದಲು ಮೂಗೊರೆಸಿಕೊಂಡೇ ಒಳಗೆ ಬರುವುದು.

ನಾನು ಚೀಟಿ ಬರೆಯುವವಳು.
ಹೆಸರು, ಊರು, ವಯಸ್ಸು, ತೊಂದರೆ ಏನು.
ವಯಸ್ಸಿನ ಹತ್ತಿರ ಎಲ್ಲರೂ ತುಸು ತಡೆಯುತ್ತಾರೆ,
ತೊಂದರೆಯ ಹತ್ತಿರ ದನಿ ತಗ್ಗಿಸುತ್ತಾರೆ.
ಬರೆಯುತ್ತೇನೆ: ಬಂಗು. ಮೊಡವೆ ಕಲೆ. ನರುಳ್ಳೆ.
ಗದ್ದದ ಮೇಲೆ ಕೂದಲು.

ಸಿದ್ದಾಪುರದ ಲೈನ್‌ಮನೆಯ ಶೈಲಾ
ಮೆಡಿಕಲ್ಲಿನವ ಕೊಟ್ಟ ಮೂವತ್ತು ರೂಪಾಯಿಯ ಟ್ಯೂಬನ್ನು
ಎರಡು ವರ್ಷ ಹಚ್ಚಿದಳಂತೆ.
ಮೊದಲ ತಿಂಗಳು ಬೆಳದಿಂಗಳು, ಆಮೇಲೆ ಕೆಂಡ.
ಬಿಸಿಲಿಗೆ ಹೋಗಬೇಡ ಎಂದರೆ ನಕ್ಕಳು:
"ಕಾಫಿಗಿಡಕ್ಕಾದರೂ ನೆರಳಿನ ಮರ ನೆಟ್ಟಿದ್ದಾರೆ ಮೇಡಂ,
ಕಣದಲ್ಲಿ ಹಣ್ಣು ಹರಡುವ ನನಗೆ ಯಾವ ಮರ?"

ಇನ್ನೊಬ್ಬಳ ಬದಲು ಅವಳ ತಾಯಿಯೇ ಮಾತಾಡಿದಳು:
ಮದುವೆಗೆ ಮೂರು ವಾರ, ಲೇಸರಿನಲ್ಲಿ ಎಷ್ಟು ಬೆಳ್ಳಗಾಗುತ್ತದೆ?
ಡಾಕ್ಟರು ಹುಡುಗಿಯ ತೋಳು ತಿರುಗಿಸಿ ಒಳಮೈ ತೋರಿಸಿದರು.
"ಇದು ಇವಳ ಬಣ್ಣ.
ಇದಕ್ಕಿಂತ ಆಚೆಗೆ ನಾನು ಕರೆದೊಯ್ಯಲಾರೆ."
ಹುಡುಗಿ ಅಂದು ಮೊದಲ ಸಲ ತಲೆಯೆತ್ತಿದಳು.

ಚೋಂದಮ್ಮ ಬಂದದ್ದು ಕಾಫಿ ಹೂ ಬಿಟ್ಟ ವಾರ, ಒಬ್ಬಳೇ.
ವಯಸ್ಸು? ತಡೆಯಲೇ ಇಲ್ಲ: ಅರವತ್ತೇಳು.
ತೊಂದರೆ? ತಲೆಯ ವಸ್ತ್ರ ಸರಿಸಿದಳು.
ಬಲಗಿವಿಯ ಹಾಲೆ ಹಸುವಿನ ಗೊರಸಿನ ಹಾಗೆ ಎರಡು ಸೀಳು,
ಎಡದ್ದು ಒಂದೆಳೆ ಚರ್ಮಕ್ಕೆ ಜೋತು ನಿಂತಿತ್ತು.

"ಅತ್ತೆಯ ಜುಮುಕಿ. ಒಂದೊಂದು ಎರಡು ಪವನು.
ಪುತ್ತರಿಗೆ, ಕೈಲ್‌ಪೊಳ್ದಿಗೆ, ಯಾರದೇ ಮದುವೆಗೆ, ತೊಡಲೇಬೇಕು.
ನೋವೆಂದು ಬಿಚ್ಚಿ ಎಲೆಯ ಪಕ್ಕ ಇಟ್ಟರೆ
ಅತ್ತೆ ಊಟ ಬಿಟ್ಟು ಏಳುತ್ತಿದ್ದಳು.
ಈಗ ಮೊಮ್ಮಗಳ ಮದುವೆ. ಫೋಟೋದಲ್ಲಿ
ಚೆನ್ನಾಗಿರುವುದಿಲ್ಲ ಅಂತಾನೆ ಮಗ."

ಮರಗಟ್ಟಿಸುವ ಸೂಜಿ. ಆಮೇಲೆ ಚಾಕು.
ಒಣಗಿದ ಅಂಚು ತರಿದು ಮತ್ತೆ ಹಸಿ ಮಾಡಬೇಕು,
ಹಳೆಯ ಗಾಯ ಹಾಗೇ ಕೂಡುವುದಿಲ್ಲ ಅಂದರು ಡಾಕ್ಟರು.
ನಾನು ದೀಪ ಹಿಡಿದೆ. ಚೋಂದಮ್ಮ ಸುಮ್ಮನಿರಬೇಕಲ್ಲ:
"ಎಷ್ಟು ಕೊಡ್ತಾರೆ ಮೂಡಿ ಸಂಬಳ?
ಕೆನ್ನೆ ತುಂಬ ಬಂಗು ಇಟ್ಟುಕೊಂಡು ಇಲ್ಲೇ ಕೂತಿದ್ದೀಯಲ್ಲ?"
ಸಿಬ್ಬಂದಿಗೆ ಅರ್ಧ ದರ ಇದೆ ಅಂದೆ.
ಅರ್ಧವೂ ನನ್ನ ಸಂಬಳದ ಅರ್ಧ ಎನ್ನಲಿಲ್ಲ.
ಹತ್ತು ಹೊಲಿಗೆ. ಹಣ ತನ್ನದೇ;
ಕೆಳಗಿನ ಅಂಗಡಿಗೆ ಮೆಣಸು ಹಾಕಿ, ತೂಕಕ್ಕೆ ಜಗಳಾಡಿ ಬಂದಿದ್ದಳು.

ಮೂರು ತಿಂಗಳು ಬಿಟ್ಟು ಹೊಸ ತೂತಿಗೆ ಬರಹೇಳಿದ್ದರು.
ಕಕ್ಕಡದ ಮಳೆಯಲ್ಲಿ, ಕೊಡೆಯ ಒಂದು ಕಡ್ಡಿ ಮುರಿದಿತ್ತು,
ಬಂದಳು. ನನಗೆಂದು ಡಬ್ಬಿಯಲ್ಲಿ
ಮದ್ದುಸೊಪ್ಪಿನ ಪಾಯಸ.
ಡಾಕ್ಟರು ಕಲೆಯ ಪಕ್ಕ ನೀಲಿ ಪೆನ್ನಿನ ಚುಕ್ಕಿ ಇಟ್ಟರು:
"ಇಲ್ಲಿ ಚುಚ್ಚಲೇ?"

ಕನ್ನಡಿ ಹಿಡಿದು ಎಷ್ಟೋ ಹೊತ್ತು ಕೂತಳು.
ಬೆರಳಲ್ಲಿ ಹಾಲೆ ಮುಟ್ಟಿದಳು, ಬಿಟ್ಟಳು, ಮತ್ತೆ ಮುಟ್ಟಿದಳು.
"ಬೇಡ."
ಮದುವೆ? ಅಂದೆ, ತಡೆಯಲಾರದೆ.
"ಮದುವೆ ಅವಳದ್ದು. ಕಿವಿ ನನ್ನದು.
ತೊಟ್ಟಿಲಲ್ಲಿದ್ದಾಗ ಚುಚ್ಚಿದರಂತೆ, ಆಗ ಯಾರು ಕೇಳಿದರು?
ಈಗ ಇವರು ಕೇಳಿದ್ದಾರೆ."
ಜುಮುಕಿ? "ಕರಗಿಸಿ ಕೊಡುತ್ತೇನೆ ಮೊಮ್ಮಗಳಿಗೆ,
ಹಗುರ ಮಾಡಿ."

ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಚುಕ್ಕಿ ಒರೆಸಿದೆ.
ಚೀಟಿಯಲ್ಲಿ ಚಿಕಿತ್ಸೆ ಎಂಬ ಜಾಗವಿದೆ;
ಏನು ಬರೆಯುವುದೆಂದು ತಿಳಿಯದೆ
ಒಂದು ಗೆರೆ ಎಳೆದೆ. ಶುಲ್ಕ: ಇಲ್ಲ.

ಮೆಟ್ಟಿಲಿಳಿಯುತ್ತ ಆಕೆ ಸೀನಿದ್ದು ಕೇಳಿಸಿತು.
ಕರೆಂಟು ಹೋಯಿತು. ಪಾಯಸ ತಿಂದು
ನೇರಳೆಯಾದ ನಾಲಗೆಯನ್ನು ಅದೇ ಕನ್ನಡಿಯಲ್ಲಿ ನೋಡಿಕೊಂಡೆ,
ಹಾಗೇ ಕಣ್ಣು ಕೆನ್ನೆಗೆ ಸರಿಯಿತು.
ಬಂಗಿನ ವಿಷಯ ಇನ್ನೂ ತೀರ್ಮಾನವಾಗಿಲ್ಲ.
ಮುಂದಿನ ಗುರುವಾರ ನೋಡೋಣ.